ನೋಡುವವರ ಕಣ್ಣಿಗೆ ರೋಗ, ನೋಡಿಸಿಕೊಂಡವರ ಮುಖಕ್ಕೆ ಕತ್ತಿ

ಕಿತ್ ಧಾತುವಿಗೆ ಸನ್ ಪ್ರತ್ಯಯ ಸೇರಿ ‘ಚಿಕಿತ್ಸಾ’ ಎಂಬ ಶಬ್ದವು ಸಿದ್ಧಿಸುತ್ತದೆ. ವ್ಯಾಧಿಪ್ರತೀಕಾರವೆಂಬುದು ವೈಯಾಕರಣರು ಅದಕ್ಕೆ ಹೇಳುವ ಮುಖ್ಯಾರ್ಥ. ಅದೇ ಧಾತುವಿಗೆ ಸಂಶಯವೆಂಬ ಅರ್ಥವನ್ನೂ ಹೇಳಿರುವುದುಂಟು. ಅದರ ಚರ್ಚೆ ಇಲ್ಲಿ ಬೇಡ. ವ್ಯಾಧಿ ಮೊದಲು, ಪ್ರತೀಕಾರ ಅನಂತರ ಎಂಬ ಕ್ರಮವು ಶಬ್ದದ ಗರ್ಭದಲ್ಲಿಯೇ ಅಡಗಿದೆ ಎಂಬುದನ್ನು ವಾಚಕರು ಗಮನಿಸಿದರೆ ಸಾಕು. ಈಚೆಗೆ ನಮ್ಮ ನಗರಗಳಲ್ಲಿ ‘ಸೌಂದರ್ಯ ಚಿಕಿತ್ಸೆ’ ಎಂಬ ಫಲಕಗಳು ಎಲ್ಲೆಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ಇದ್ದ ಗದ್ದಕ್ಕೆ ಇನ್ನಷ್ಟು ಗದ್ದ, ಇದ್ದ ಕೆನ್ನೆಗೆ ಇನ್ನಷ್ಟು ಕೆನ್ನೆ, ಇದ್ದ ಮೂಗಿಗೆ ಇನ್ನಷ್ಟು ಎತ್ತರವನ್ನು ಸಿಲಿಕೋನಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಕೂಡಿಸಿಕೊಡುವುದು ಅಲ್ಲಿ ನಡೆಯುವ ಕಾರ್ಯಗಳಲ್ಲೊಂದು. ಇಲ್ಲಿ ವ್ಯಾಧಿ ಯಾವುದು? ಯಾರಿಗೆ ಬಂದುದು? ಈ ಪ್ರಶ್ನೆಯನ್ನು ಕೇಳುವವರೇ ಇಲ್ಲವಾದುದರಿಂದ ನಾವು ಕೇಳಬೇಕಾಗಿ ಬಂದಿದೆ.

ಶಸ್ತ್ರಚಿಕಿತ್ಸೆಯನ್ನೇ ನಾವು ಹಳಿಯುತ್ತಿದ್ದೇವೆಂದು ಯಾರೂ ಭಾವಿಸಬಾರದು. ಮುಖವನ್ನು ಮರಳಿ ಕಟ್ಟುವ ವಿದ್ಯೆ ಈ ನೆಲದ್ದೇ ಆಗಿದೆ. ಸುಶ್ರುತನು ನಾಸಾಸಂಧಾನದ ವಿಧಾನವನ್ನು ಹೇಳುವಾಗ, ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿಕೊಂಡು, ಆ ಪ್ರಮಾಣದಲ್ಲಿ ಕೆನ್ನೆಯ ಚರ್ಮವನ್ನು ಬಿಡಿಸಿ ಕೂಡಿಸುವ ಕ್ರಮವನ್ನು ಕೊಟ್ಟಿದ್ದಾನೆ. ನಮ್ಮ ಶ್ರೀರಂಗಪಟ್ಟಣದ ಯುದ್ಧಕ್ಕೂ ಈ ವಿದ್ಯೆಯ ಚರಿತ್ರೆಗೂ ಒಂದು ನಂಟಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್ಜಿ ಎಂಬಾತನು ಟಿಪ್ಪುವಿನ ಸೆರೆಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದೂ, ವರ್ಷವೊಂದು ಕಳೆದ ಮೇಲೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನೆಂದೂ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ವರದಿ ಮಾಡಿತು. ಅದನ್ನು ಓದಿ ಅಭ್ಯಾಸ ಮಾಡಿದ ಕಾರ್ಪ್ಯು ಎಂಬ ವೈದ್ಯನು 1814ರಲ್ಲಿ ಅದೇ ವಿಧಾನವನ್ನು ಲಂಡನ್ನಿನಲ್ಲಿ ಪ್ರಯೋಗಿಸಿ ಯಶಸ್ವಿಯಾದನು. ಹುಟ್ಟಿನಿಂದ ಸೀಳುತುಟಿಯಿರುವ ಮಗು, ಅರ್ಬುದರೋಗದಿಂದ ದವಡೆಯನ್ನು ಕಳೆದುಕೊಂಡವರು, ದುರುಳರ ಆಸಿಡ್ಡಿಗೆ ಗುರಿಯಾದ ಹೆಣ್ಣುಮಗಳು, ಇವರಿಗಾಗಿ ಕತ್ತಿ ಹಿಡಿಯುವ ವೈದ್ಯನ ಕೈಗೆ ನಾವು ನಮಸ್ಕರಿಸುತ್ತೇವೆ. ಅಂಥವರಿಗೆ ಸಿಲಿಕೋನ್ ಬೇಕಾದರೆ ಸಿಲಿಕೋನನ್ನೇ ಇಡಲಿ. ನಮ್ಮ ವಿರೋಧವಿರುವುದು ಮುರಿಯದೆ ಇದ್ದ ಮುಖವನ್ನು ಮುರಿದು ಕಟ್ಟುವ ವ್ಯಾಪಾರಕ್ಕೆ.

ವ್ಯಾಪಾರವೆಂಬ ಶಬ್ದವನ್ನು ವಿಚಾರ ಮಾಡಿಯೇ ಬಳಸಿದ್ದೇವೆ. ಗದ್ದವು ತುಸು ಚಿಕ್ಕದಾಗಿದ್ದರೆ ಅದಕ್ಕೆ ‘ಮೈಕ್ರೊಜೀನಿಯಾ’ ಎಂದು ಗ್ರೀಕ್ ಮೂಲದ ಹೆಸರಿದೆ. ಚಿಕ್ಕ ಗದ್ದವೆಂದು ಕನ್ನಡದಲ್ಲಿ ಹೇಳಿದರೆ ಅದೊಂದು ವರ್ಣನೆ; ಗ್ರೀಕಿನಲ್ಲಿ ಹೇಳಿದರೆ ಅದೇ ರೋಗವಾಗಿ, ರೋಗಕ್ಕೆ ದರಪಟ್ಟಿ ಸಿದ್ಧವಾಗುತ್ತದೆ. ತಜ್ಞರು ಪರಸ್ಪರ ಮಾತಾಡಲು ಇಂಥ ಹೆಸರುಗಳು ಬೇಕು, ನಿಜ. ಆದರೆ ಇಪ್ಪತ್ತು ವರ್ಷ ನೆಮ್ಮದಿಯಿಂದ ಉಂಡು ನಕ್ಕು ಬೆಳೆದ ಹುಡುಗಿಯ ಕಿವಿಯಲ್ಲಿ ಆ ಹೆಸರನ್ನು ಹೇಳಿದ ಕ್ಷಣದಿಂದಲೇ ಅವಳು ರೋಗಿಯಾಗುತ್ತಾಳೆ. ಅದಕ್ಕೆ ಮುಂಚೆ ಆಗಿರಲಿಲ್ಲ.

ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲಸಿರುವ ಗೃಹಸ್ಥರೊಬ್ಬರ ಮನೆಗೆ ಪಾದಪೂಜೆಯ ನಿಮಿತ್ತ ಹೋಗಿದ್ದೆವು. ಇಂಜಿನಿಯರಾಗಿರುವ ಅವರ ಮಗಳು ಹೊರಗೆ ಬರಲಿಲ್ಲ. ವಿಚಾರಿಸಲಾಗಿ, ಗದ್ದಕ್ಕೆ ಆಪರೇಷನ್ ಆಗಿ ಹನ್ನೊಂದು ದಿನಗಳಾಗಿವೆಯೆಂದು ತಾಯಿ ತಗ್ಗಿದ ದನಿಯಲ್ಲಿ ತಿಳಿಸಿದರು. ‘ಗದ್ದ ಒಳಕ್ಕಿದೆ’ ಎಂದು ಇಬ್ಬರು ವರನ ಕಡೆಯವರು ಬೇಡವೆಂದಿದ್ದರು. ತಂದೆ ಬ್ಯಾಂಕಿನ ಠೇವಣಿಯನ್ನು ಮುರಿಸಿ ಹಣ ಕಟ್ಟಿದ್ದರು. ‘ಸಣ್ಣ ಪ್ರೊಸೀಜರ್, ವಾರದೊಳಗೆ ಕೆಲಸಕ್ಕೆ ಹೋಗಬಹುದು’ ಎಂದು ಅವರಿಗೆ ಹೇಳಲಾಗಿತ್ತು.

ಆ ಸಣ್ಣ ಪ್ರೊಸೀಜರಿನ ಸ್ವರೂಪವನ್ನು ತಿಳಿಯೋಣ. ಅರಿವಳಿಕೆ ಕೊಟ್ಟು, ಕೆಳತುಟಿಯ ಒಳಗಡೆಯಿಂದಲೋ ಗದ್ದದ ಕೆಳಗಿನ ಗೆರೆಯಲ್ಲಿಯೋ ಸೀಳಿ, ಮೂಳೆಗೆ ಅಂಟಿದ ಪೊರೆಯನ್ನು ಎಬ್ಬಿಸಿ, ಅದರಡಿಯಲ್ಲಿ ಜೇಬಿನಂತೆ ಎಡೆ ಮಾಡಿ, ಬಿಲ್ಲಿನಾಕಾರದ ತುಂಡನ್ನು ಅಲ್ಲಿ ಕೂಡಿಸಿ ಹೊಲಿಯುತ್ತಾರೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವನ್ನು ಕೊಡುವ ನರಗಳು ಎಡಬಲಗಳಲ್ಲಿ ಮೂಳೆಯ ರಂಧ್ರಗಳಿಂದ ಹೊರಬೀಳುವುದು ಅದರ ಪಕ್ಕದಲ್ಲಿಯೇ. ಆ ಹುಡುಗಿಗೆ ಬಾಯೊಳಗಿನಿಂದ ಸೀಳಿದ್ದರು. ಮೊದಲ ರಾತ್ರಿಗಳನ್ನು ಅವಳು ದಿಂಬುಗಳಿಗೆ ಒರಗಿ ಕುಳಿತೇ ಕಳೆದಳು. ಮೂರನೆಯ ದಿನ ಬಾವು ಕುತ್ತಿಗೆಗೆ ಇಳಿದು, ತಾಯಿಗೇ ಗುರುತು ಸಿಗದಂತಾಯಿತು. ಒಳಗೆ ಹೊಲಿಗೆಯಿದ್ದುದರಿಂದ ಗಂಜಿ, ಮಜ್ಜಿಗೆಯಲ್ಲದೆ ಬೇರೆ ಆಹಾರವಿಲ್ಲ. ಊಟಕ್ಕೊಮ್ಮೆ ಔಷಧದ ನೀರಿನಿಂದ ಬಾಯಿ ಮುಕ್ಕಳಿಸಬೇಕು. ನಾವು ಕರೆಯಿಸಿದಾಗ ಸೆರಗಿನಿಂದ ಮುಖದ ಅರ್ಧವನ್ನು ಮುಚ್ಚಿಕೊಂಡು ಬಂದಳು. ಹಳದಿಗೆ ತಿರುಗುತ್ತಿದ್ದ ನೀಲಿ ಕಲೆಗಳು ಸೆರಗಿನಾಚೆಗೂ ಕಾಣುತ್ತಿದ್ದವು. “ನೋವು ಹ್ಯಾಗೋ ತಡೀತೀನಿ ಬುದ್ಧಿ, ಆದರೆ ತುಟಿ ನನ್ನದು ಅನ್ನಿಸೋದೇ ಇಲ್ಲ. ಕಾಫಿ ಸೋರಿ ಹೋದರೂ ಅಮ್ಮ ಹೇಳಿದ ಮೇಲೇ ಗೊತ್ತಾಗೋದು” ಎಂದಳು. ನಾಲ್ಕು ತಿಂಗಳ ಮೇಲೆ ವಿಚಾರಿಸಿದಾಗ ಬಲಗಡೆ ಸರಿಹೋಗಿತ್ತು. ಎಡಗಡೆ ಜೋಮು ಬಿಟ್ಟಿರಲಿಲ್ಲ. ಹಲವರಲ್ಲಿ ಇದು ವಾರಗಳಲ್ಲಿ, ಇಲ್ಲವೆ ತಿಂಗಳುಗಳಲ್ಲಿ ಹೋಗುತ್ತದೆ. ಕೆಲವರಲ್ಲಿ ಹೋಗುವುದೇ ಇಲ್ಲ. ಇವೆಲ್ಲವೂ ಅವಳು ರುಜು ಹಾಕಿದ ಇಂಗ್ಲಿಷ್ ಕಾಗದದಲ್ಲಿ ಸಣ್ಣಕ್ಷರಗಳಲ್ಲಿ ಇದ್ದವಂತೆ. ಫಲಕದಲ್ಲಿ ಮಾತ್ರ ಇರಲಿಲ್ಲ.

ಇಷ್ಟಾದ ಮೇಲೆ ಬಂದ ಮೂರನೆಯ ವರನ ಕಡೆಯವರು ಜಾತಕ ಕೂಡಲಿಲ್ಲವೆಂದು ಹೊರಟುಹೋದರು! (ನಮ್ಮವರಿಗೆ ಜಾತಕದ ಹಂಗೇಕೆಂಬ ವಿಷಯವನ್ನು ಇನ್ನೊಮ್ಮೆ ಬರೆಯುತ್ತೇವೆ.)

ದೇಹದಲ್ಲಿಟ್ಟ ಪರವಸ್ತುವು ಇಟ್ಟಂತೆ ಸುಮ್ಮನಿರುತ್ತದೆಂಬ ನಂಬಿಕೆಯೂ ಸರಿಯಲ್ಲ. ಗದ್ದದ ತುಂಡಿನ ಒತ್ತಡಕ್ಕೆ ಅದರಡಿಯ ಮೂಳೆ ಸವೆಯುವುದುಂಟೆಂದು ವೈದ್ಯರೇ 1969ರಷ್ಟು ಹಿಂದೆ ಬರೆದಿದ್ದಾರೆ. ಮೂಗಿನಲ್ಲಿಟ್ಟ ಸಿಲಿಕೋನ್ ವರ್ಷಗಳ ತರುವಾಯ ತೆಳುವಾದ ಚರ್ಮವನ್ನು ತೂರಿ ಹೊರಬರುವುದುಂಟು. ತುಂಡಿನ ಮೇಲೆ ಕ್ರಿಮಿಗಳು ಪದರಗಟ್ಟಿ ಕೀವಾದರೆ ಔಷಧವು ಅಲ್ಲಿಗೆ ಸರಿಯಾಗಿ ಮುಟ್ಟದು. ಬಹುಮಟ್ಟಿಗೆ ಮತ್ತೆ ಸೀಳಿ ತೆಗೆಯುವುದೇ ಗತಿ. ಹಳೆಯ ಕಾಲದ ಕಥೆಯಂತೂ ಇನ್ನೂ ಘೋರ. 1899ರ ಸುಮಾರಿಗೆ ವಿಯೆನ್ನಾದ ಗೆರ್ಸುನಿ ಎಂಬ ವೈದ್ಯನು ಪ್ಯಾರಾಫಿನ್ ಮೇಣವನ್ನು ಚರ್ಮದಡಿ ಚುಚ್ಚಿ ತುಂಬುವ ಪದ್ಧತಿಯನ್ನು ತಂದನು. ಯುರೋಪಿನ ಸುಂದರಿಯರಲ್ಲಿ ಹೆಸರಾಗಿದ್ದ, ಮುಂದೆ ಮಾರ್ಲ್‌ಬರೋ ಡ್ಯೂಕನ ಪತ್ನಿಯಾದ ಗ್ಲಾಡಿಸ್ ಡೀಕನ್ ಇಪ್ಪತ್ತೆರಡರ ಹರೆಯದಲ್ಲಿ ಮೂಗಿನ ರೇಖೆ ಗ್ರೀಕ್ ಪ್ರತಿಮೆಯಂತಾಗಲೆಂದು ಆ ಮೇಣವನ್ನು ಚುಚ್ಚಿಸಿಕೊಂಡಳು. ಮೇಣ ಕೆಳಕ್ಕೆ ಜಾರಿ ಗದ್ದದವರೆಗೂ ಗಂಟುಗಟ್ಟಿತು. ಅವಳು ತೀರಿಕೊಂಡುದು 1977ರಲ್ಲಿ. ಎಪ್ಪತ್ತಕ್ಕೂ ಹೆಚ್ಚು ವರ್ಷ ಆ ಮುಖವನ್ನು ಹೊತ್ತಳು. ಇಂದಿನ ವಸ್ತುಗಳು ಮೇಣಕ್ಕಿಂತ ಎಷ್ಟೋ ಮೇಲೆಂಬುದನ್ನು ಒಪ್ಪುತ್ತೇವೆ. ಆದರೆ ‘ಇದು ನಿರಪಾಯ’ ಎಂಬ ಮಾತು ಆಗಲೂ ಇತ್ತು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. 1898ರಲ್ಲಿ ಬರ್ಲಿನ್ನಿನ ಜಾಕ್ವೆಸ್ ಜೋಸೆಫ್ ಎಂಬ ಶಸ್ತ್ರವೈದ್ಯನು ದೊಡ್ಡ ಮೂಗನ್ನು ಚಿಕ್ಕದು ಮಾಡುವ ಕ್ರಿಯೆಯನ್ನು ಅಲ್ಲಿನ ವೈದ್ಯಸಂಘದ ಮುಂದೆ ಮಂಡಿಸಿದನು. ಅವನು ಯೆಹೂದಿ, ಅವನಲ್ಲಿಗೆ ಬಂದವರಲ್ಲಿ ಅನೇಕರೂ ಯೆಹೂದಿಗಳು. ಅವರ ಮೂಗಿಗೆ ಯಾವ ರೋಗವೂ ಇರಲಿಲ್ಲ. ಬೀದಿಯಲ್ಲಿ, ಕಚೇರಿಯಲ್ಲಿ, ಆ ಮೂಗನ್ನು ಕಂಡು ಹುಬ್ಬುಗಂಟಿಕ್ಕುವವರ ಕಣ್ಣಿಗೆ ರೋಗವಿತ್ತು. ನೋಡುವವನ ಕಣ್ಣಿಗೆ ಶಸ್ತ್ರವಿಕ್ಕಲಾಗದೆ ನೋಡಿಸಿಕೊಳ್ಳುವವನ ಮೂಗಿಗೆ ಇಕ್ಕಿದರು. ಫಲವೇನಾಯಿತು? 1935ರ ನ್ಯೂರೆಂಬರ್ಗ್ ಕಾನೂನು ಮೂಗನ್ನು ಅಳೆಯಲಿಲ್ಲ, ಅಜ್ಜ ಅಜ್ಜಿಯರ ಮತವನ್ನು ಕೇಳಿತು. ತಿದ್ದಿಸಿಕೊಂಡ ಮೂಗಿಗೂ ತಿದ್ದಿಸಿಕೊಳ್ಳದ ಮೂಗಿಗೂ ಅಲ್ಲಿ ಭೇದವಿರಲಿಲ್ಲ. ಜೋಸೆಫನ ಕೈಚಳಕವನ್ನು ನಾವು ಜರೆಯುವುದಿಲ್ಲ. ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಅದೇ ಕೈ ಮುಖ ಕಟ್ಟಿಕೊಟ್ಟಿತು. ಆದರೆ ಸಮಾಜದ ತಾತ್ಸಾರಕ್ಕೆ ತಲೆಬಾಗಿ ಮುಖವನ್ನು ಬದಲಿಸಿದರೆ ತಾತ್ಸಾರ ಹೋಗದು, ಬೇರೊಂದು ಕುರುಹನ್ನು ಹುಡುಕಿಕೊಳ್ಳುವುದು ಎಂಬುದಕ್ಕೆ ಬರ್ಲಿನ್ನಿಗಿಂತ ಬೇರೆ ಸಾಕ್ಷಿ ಬೇಕೆ? ಗದ್ದ ಸರಿಹೋದ ಮೇಲೆ ಜಾತಕ ಕೂಡದೆ ಹೋದುದು ಇದೇ ಜಾತಿಯದು.

ನಮ್ಮ ವೇದಿಕೆಗಳಲ್ಲಿ ಕೆಲವರು ‘ಶರೀರ ನಶ್ವರ, ಅದರ ಚೆಲುವೇಕೆ’ ಎಂದು ಎರಡು ಮಾತಾಡಿ ಇಳಿದುಬಿಡುತ್ತಾರೆ. ಇದು ಉತ್ತರವಲ್ಲ. ನಶ್ವರವೆಂದು ಉಪದೇಶಿಸಿದವರೇ ಮಗನಿಗೆ ಹೆಣ್ಣು ನೋಡುವಾಗ ಬಣ್ಣವನ್ನು ವಿಚಾರಿಸುವುದನ್ನು ಕಂಡಿದ್ದೇವೆ. ‘ಅವರವರ ಮುಖ, ಅವರವರ ಇಚ್ಛೆ, ಮಠಕ್ಕೇಕೆ ಈ ಚಿಂತೆ’ ಎಂಬುದು ಇನ್ನೊಂದು ಪಕ್ಷ. ಇಚ್ಛೆ ಸ್ವತಂತ್ರವಾಗಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಎರಡು ಬಾರಿ ಬೇಡವೆನ್ನಿಸಿಕೊಂಡವಳ ಇಚ್ಛೆಯನ್ನು ಸ್ವತಂತ್ರವೆಂದು ಕರೆಯಲು ನಮ್ಮ ನಾಲಿಗೆ ಬಾರದು. ಮತ್ತೆ ಕೆಲವರಿಗೆ ಕಾಣದ ಕುಂದೇ ಸದಾ ಕಾಡುತ್ತಿರುತ್ತದೆ. ಇಟಲಿಯ ಮೊರ್ಸೆಲ್ಲಿ 1891ರಲ್ಲಿಯೇ ಈ ಮನೋವ್ಯಾಧಿಯನ್ನು ಹೆಸರಿಸಿದನು. ಇಂಥವರಿಗೆ ಕತ್ತಿಯಿಂದ ನೆಮ್ಮದಿ ದೊರೆಯುವುದು ಅಪರೂಪ, ಮನೋವೈದ್ಯನಿಂದ ದೊರೆಯಬಹುದು. ನಿಜವಾದ ಶಸ್ತ್ರವೈದ್ಯನು ಇದನ್ನು ಗುರುತಿಸಿ ಹಿಂದಕ್ಕೆ ಕಳಿಸುತ್ತಾನೆ. ಅಂಥವರೂ ನಮ್ಮ ನಾಡಿನಲ್ಲಿದ್ದಾರೆ.

ಈ ವ್ಯಾಪಾರವು ಹುಲುಸಾಗಿ ಬೆಳೆದ ದಕ್ಷಿಣ ಕೊರಿಯಾದಿಂದಲಾದರೂ ಕಲಿಯುವುದಿದೆ. ಅಲ್ಲಿ ಉದ್ಯೋಗದ ಅರ್ಜಿಯ ಮೇಲೆ ಭಾವಚಿತ್ರವನ್ನು ಅಂಟಿಸುವ ರೂಢಿಯಿತ್ತು. ಮುಖವು ಅನ್ನದ ಪ್ರಶ್ನೆಯಾಗಿತ್ತು. 2016ರಲ್ಲಿ ರಾಜಧಾನಿ ಸಿಯೋಲಿನಲ್ಲಿ ದವಡೆಯನ್ನು ಕಿರಿದು ಮಾಡಿಸಿಕೊಳ್ಳಲು ಹೋದ ವಿದ್ಯಾರ್ಥಿಯೊಬ್ಬನು ರಕ್ತಸ್ರಾವದಿಂದ ಎಚ್ಚರ ತಪ್ಪಿ ಕೆಲವು ವಾರಗಳಲ್ಲಿ ತೀರಿಕೊಂಡನು. ಕೋಣೆಯ ಕ್ಯಾಮೆರಾದ ಚಿತ್ರಗಳನ್ನು ಅವನ ತಾಯಿ ಮತ್ತೆ ಮತ್ತೆ ನೋಡಿ, ಮಗನನ್ನು ಬಿಟ್ಟು ವೈದ್ಯನು ಹೊರಗೆ ಹೋದುದನ್ನು ಜನರ ಮುಂದಿಟ್ಟು ಹೋರಾಡಿದಳು. ಶಸ್ತ್ರಕ್ರಿಯೆಯ ಕೋಣೆಗಳಲ್ಲಿ ಕ್ಯಾಮೆರಾ ಇರಬೇಕೆಂಬ ಕಾನೂನು 2021ರಲ್ಲಿ ಅಂಗೀಕೃತವಾಗಿ 2023ರಲ್ಲಿ ಜಾರಿಗೆ ಬಂದಿತು. ನಮಗೆ ಇದಕ್ಕಿಂತಲೂ ಹಿರಿದಾಗಿ ಕಾಣುವುದು ಆ ದೇಶದವರು 2017ರಲ್ಲಿ ಮಾಡಿದ ಕೆಲಸ: ಸರ್ಕಾರಿ ಸಂಸ್ಥೆಗಳ ಉದ್ಯೋಗದ ಅರ್ಜಿಗಳಿಂದ ಭಾವಚಿತ್ರವನ್ನೇ ತೆಗೆಸಿದರು. ಅದು ನೋಡುವ ಕಣ್ಣಿಗೆ ಮಾಡಿದ ಚಿಕಿತ್ಸೆ.

ನಮ್ಮ ಸಮಾಜದ ವಧೂವರರ ಸಮಾವೇಶಗಳನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಯನ್ನು ಓದುವವರೇ ಆಗಿದ್ದಾರೆ. ಅವರ ಅರ್ಜಿಯ ಮೊದಲ ಪುಟದಲ್ಲಿ ಭಾವಚಿತ್ರಕ್ಕೆ ಜಾಗ, ಅದರ ಕೆಳಗೆ ‘ಬಣ್ಣ’ ಎಂಬ ಕಲಮು. ವಿದ್ಯೆ, ಉದ್ಯೋಗಗಳು ಅನಂತರ. ಮುಂದಿನ ಸಮಾವೇಶದ ಅರ್ಜಿಗಳು ಅಚ್ಚಾಗುವುದಕ್ಕೆ ಮುಂಚೆ ಈ ಕಲಮನ್ನು ಹೊಡೆದುಹಾಕಿ, ಎರಡೂ ಮನೆಯವರು ಒಮ್ಮೆ ಕುಳಿತು ಮಾತಾಡುವವರೆಗೆ ಭಾವಚಿತ್ರವನ್ನು ಕೊಡಕೂಡದೆಂದು ನಿಯಮ ಮಾಡಲಿ. ಆಗದೆಂದರೆ ಏಕೆ ಆಗದೆಂಬುದನ್ನು ಇದೇ ಪುಟಗಳಲ್ಲಿ ಬರೆದು ತಿಳಿಸಲಿ. ಅಕ್ಷರ ಬಿಡದೆ ಪ್ರಕಟಿಸುತ್ತೇವೆ.