ಅಂಕಿತವಿಲ್ಲದ ಮಾತು



ಈ ಲೇಖನವು ಕೆಲವರಿಗೆ ಕಹಿಯೆನಿಸಬಹುದು. ಇದು ಅಕ್ಷರ ಅರಿಯದವರನ್ನು ಕುರಿತದ್ದಲ್ಲ. ಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ನೌಕರಿ ಹಿಡಿದು, ಈಗ ನಿವೃತ್ತಿವೇತನದ ನೆರಳಿನಲ್ಲಿ ಕುಳಿತಿರುವ ನಮ್ಮಂಥವರನ್ನೇ ಕುರಿತದ್ದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಚದುರಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ವಾಟ್ಸಾಪ್ ಗುಂಪಿದೆ. ವಿಭೂತಿ ಧರಿಸುವ ಮುನ್ನವೇ ಅನೇಕರ ಹೆಬ್ಬೆರಳು ಅಲ್ಲಿ ಕೆಲಸಕ್ಕೆ ತೊಡಗಿರುತ್ತದೆ. ಶುಭೋದಯದ ಹೂವು, ಸಕ್ಕರೆ ಕಾಯಿಲೆಗೆ ಯಾವುದೋ ಬೇರಿನ ಕಷಾಯ, ಒಂದು ಪಕ್ಷದ ನಾಯಕನು ದೇಶವನ್ನೇ ಮಾರಿದನೆಂಬ ಸುದ್ದಿ, ಅದಕ್ಕೆ ಪ್ರತಿಯಾಗಿ ಇನ್ನೊಂದು ಪಕ್ಷದವನ ಜಾತಿ ಜಾಲಾಡುವ ಬರಹ. ಎಲ್ಲದರ ತುದಿಗೂ ಒಂದೇ ಒಕ್ಕಣೆ: ‘ಬಂದಂತೆ ಕಳುಹಿಸಿದ್ದೇನೆ.’ ಈ ಎರಡು ಪದಗಳ ಮೇಲೆಯೇ ನನ್ನ ಕೋಪ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ೨೦೧೮ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಮಾತು ಗಡಿಯಾಚೆಯಿಂದ ಮೊದಲು ತೆಲುಗಿನಲ್ಲಿ ಬಂತು. ಎರಡು ದಿನದೊಳಗೆ ಕನ್ನಡದಲ್ಲಿ ಬಂತು. ನಂಗಲಿಯ ಆಚೆ ಈಚೆ ಭಾಷೆಗಳು ಬೆರೆತೇ ಇರುವುದರಿಂದ ನಮಗೆ ಅನುವಾದಕಾರರು ಬೇಕಿಲ್ಲ. ನಾನು ಅದನ್ನು ಓದಿದೆ, ಮೊಮ್ಮಕ್ಕಳ ನೆನಪಾಗಿ ಎದೆ ಧಸಕ್ಕೆಂದಿತು, ಮೂರು ಗುಂಪುಗಳಿಗೆ ಕಳುಹಿಸಿದೆ. ಅವುಗಳಲ್ಲೊಂದು ಮುಳಬಾಗಿಲು ತಾಲ್ಲೂಕಿನ ನಮ್ಮ ಬಂಧುಗಳದು. ನಾಲ್ಕನೆಯ ದಿನ ಆ ಊರಿನಲ್ಲಿ, ವರ್ಷವರ್ಷವೂ ಸೈಕಲ್ಲಿನ ಮೇಲೆ ಗಂಟು ಹೊತ್ತು ಹೊದಿಕೆ ಮಾರಲು ಬರುತ್ತಿದ್ದ ಉತ್ತರದೇಶದ ಮನುಷ್ಯನನ್ನು ಹುಡುಗರು ತಡೆದರು. ಗಂಟನ್ನು ಚರಂಡಿಗೆಸೆದರು, ನಾಲ್ಕು ಏಟು ಬಿದ್ದವು. ಅವನಿಂದ ಹಿಂದಿನ ವರ್ಷ ಸಾಲಕ್ಕೆ ಹೊದಿಕೆ ಕೊಂಡಿದ್ದ ಮುದುಕಿಯೊಬ್ಬಳು ಅಡ್ಡ ಬಂದು ನಿಂತದ್ದರಿಂದ ಅವನು ಜೀವ ಉಳಿಸಿಕೊಂಡ. ಹುಡುಗರು ಆಕೆಗೆ ಆಧಾರವೆಂದು ತೋರಿಸಿದ್ದು ಏನನ್ನು ಬಲ್ಲಿರಾ? ನಾನು ಕಳುಹಿಸಿದ ಸಂದೇಶವನ್ನು. ‘ಮೇಷ್ಟ್ರೇ ಕಳಿಸಿದ್ದಾರೆ’ ಎಂದರಂತೆ.

ಆ ಮುದುಕಿಯಂಥವರು ಎಲ್ಲ ಕಡೆಯೂ ಇರಲಿಲ್ಲ. ಅದೇ ಮೇ ೨೩ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಕಟ್ಟಿ ಬಡಿದು ಕೊಂದರು. ಜುಲೈ ೧೩ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಹೈದರಾಬಾದಿನಿಂದ ಬಂದಿದ್ದ ಇಂಜಿನಿಯರನೊಬ್ಬನು ಅದೇ ರೀತಿ ಸತ್ತನು. ಅವನ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಅಪರಾಧವಾಯಿತು. ಕಾರು ಮುಂದಿನ ಊರನ್ನು ತಲುಪುವ ಮುಂಚೆಯೇ ಅದರ ಚಿತ್ರ ತಲುಪಿತ್ತು. ಜನ ದಾರಿಗೆ ಅಡ್ಡ ಹಾಕಿ ಕಾದಿದ್ದರು. ಮಗುವನ್ನು ಕರುಣೆಯಿಂದ ಮಾತನಾಡಿಸಿದರೆ ಕೊಲ್ಲುವ ನಾಡಾಯಿತೇ ನಮ್ಮದು?

ಆ ದಿನಗಳಲ್ಲಿ ದೇಶವಿಡೀ ಹರಿದಾಡಿದ ಚಲನಚಿತ್ರದ ತುಣುಕೊಂದನ್ನು ನೀವೂ ನೋಡಿರುತ್ತೀರಿ. ಮೋಟಾರು ಸೈಕಲ್ಲಿನ ಮೇಲೆ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಬಗ್ಗೆ ಎಚ್ಚರವಾಗಿರಿ ಎಂದು ತಿಳಿಹೇಳಲು ತಯಾರಿಸಿದ ಚಿತ್ರ. ಕೊನೆಯಲ್ಲಿ ಅದೇ ಸವಾರರು ಮಗುವನ್ನು ತಂದು ಇಳಿಸಿ, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಕತ್ತರಿಸಿದವನು ಒಬ್ಬ, ಹರಡಿದವರು ಲಕ್ಷಾಂತರ. ಆ ಒಬ್ಬನನ್ನು ಶಪಿಸಿ ಕೈತೊಳೆದುಕೊಳ್ಳುವುದು ನನಗೆ ಸಾಧ್ಯವಾಗಿಲ್ಲ.

‘ಯಂತ್ರದ ತಪ್ಪು’ ಎನ್ನುವಿರಾ? ಯಂತ್ರವನ್ನು ದೂರುವವನು ನಾನಲ್ಲ. ಟೊಮೇಟೊ ಬೆಳೆದ ರೈತ ಕೋಲಾರದ ಮಾರುಕಟ್ಟೆಗೆ ಹೊರಡುವ ಮುನ್ನ ಧಾರಣೆ ಕೇಳಿಕೊಳ್ಳುವುದು ಇದರಿಂದಲೇ; ಶ್ರೀನಿವಾಸಪುರದ ಮಾವಿನ ತೋಟದವನು ವ್ಯಾಪಾರಿಗೆ ಕಾಯಿಯ ಚಿತ್ರ ತೋರಿಸುವುದೂ ಇದರಿಂದಲೇ. ಕಂಪನಿಯವರು ೨೦೧೮ರ ಜುಲೈ ತಿಂಗಳಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ನಮ್ಮ ದೇಶದಲ್ಲಿ ಮಿತಿ ಹಾಕಲು ಮುಂದಾದರು. ೨೦೨೦ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದರು. ಅಂಥವುಗಳ ಓಡಾಟ ಶೇಕಡಾ ೭೦ರಷ್ಟು ಇಳಿಯಿತೆಂದು ಅವರೇ ಹೇಳಿದರು. ವ್ಯಾಪಾರಸ್ಥರು ಹಾಕಿದ ಬೇಲಿಗೆ ಇಷ್ಟು ಫಲವಿದ್ದರೆ, ಸಂಸ್ಕಾರವಂತರೆನಿಸಿಕೊಂಡ ನಾವು ಹಾಕಿಕೊಂಡ ಬೇಲಿ ಎಲ್ಲಿ?

ಇನ್ನು ರಾಜಕೀಯ. ನಮ್ಮ ಜಿಲ್ಲೆಯ ನರಸಾಪುರದಲ್ಲಿ ಐಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ೨೦೨೦ರ ಡಿಸೆಂಬರ್ ೧೨ರಂದು ಗಲಭೆಯಾಯಿತು. ಮೊದಲು ಕೇಳಿಬಂದ ನಷ್ಟ ೪೩೭ ಕೋಟಿ ರೂಪಾಯಿ. ಸಂಜೆಯೊಳಗೆ ನಮ್ಮ ಗುಂಪಿನಲ್ಲಿ ವಿಚಾರಣೆಯೂ ಮುಗಿದು ತೀರ್ಪೂ ಹೊರಬಿದ್ದಿತ್ತು: ಒಬ್ಬರಿಗೆ ಇದು ವಿದೇಶಿ ಸಂಚು, ಇನ್ನೊಬ್ಬರಿಗೆ ಸರ್ಕಾರದ ಸಂಚು, ಮತ್ತೊಬ್ಬರಿಗೆ ನಮ್ಮ ಹುಡುಗರೇ ಪುಂಡರು. ಬಳಿಕ ಕಂಪನಿಯೇ ತಿಳಿಸಿದ ನಷ್ಟದ ಅಂದಾಜು ಆ ಮೊತ್ತದ ಸಣ್ಣದೊಂದು ಪಾಲು ಮಾತ್ರವಾಗಿತ್ತು. ಒಂದು ವಾರದಲ್ಲಿ ಆ ಕಂಪನಿಯು, ಕೆಲವು ಕಾರ್ಮಿಕರಿಗೆ ವೇತನವನ್ನು ಸರಿಯಾಗಿ, ಸಕಾಲಕ್ಕೆ ಕೊಟ್ಟಿಲ್ಲವೆಂದು ಒಪ್ಪಿ, ಕ್ಷಮೆ ಕೋರಿ, ತನ್ನ ಹಿರಿಯ ಅಧಿಕಾರಿಯನ್ನು ತೆಗೆದುಹಾಕಿತು. ಕಲ್ಲು ತೂರಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಹುಡುಗರನ್ನು ಪುಂಡರೆಂದು ಸಾರಿದ ಮಹನೀಯರಲ್ಲಿ ಒಬ್ಬರಾದರೂ ಆ ಎರಡನೆಯ ಸುದ್ದಿಯನ್ನು ಗುಂಪಿಗೆ ಹಾಕಿದರೇ? ಆ ಹುಡುಗರಲ್ಲಿ ನಮ್ಮ ಪ್ರಸಾದನಿಲಯದಲ್ಲಿ ಉಂಡವರೂ ಇದ್ದಿರಬಹುದೆಂಬ ಯೋಚನೆಯಾದರೂ ಬಂದಿತೇ?

ಇದೇ ಮಣ್ಣು ಮುಳಬಾಗಿಲಿನ ಡಿ.ವಿ.ಜಿ.ಯವರನ್ನು ಕೊಟ್ಟಿತು, ಮಾಲೂರು ಸೀಮೆಯ ಮಾಸ್ತಿಯವರನ್ನು ಕೊಟ್ಟಿತು. ಇಬ್ಬರೂ ಪತ್ರಿಕೆ ನಡೆಸಿದವರು. ಒಬ್ಬರದು ‘ಕರ್ನಾಟಕ’, ಇನ್ನೊಬ್ಬರದು ‘ಜೀವನ’. ಅಚ್ಚಾದ ಮಾತಿಗೆ ಸಂಪಾದಕನು ಹೊಣೆ. ಮಾಸ್ತಿಯವರು ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದರೂ ಆ ಹೆಸರಿನ ಹಿಂದೆ ಯಾರಿದ್ದಾರೆಂದು ನಾಡಿಗೆ ಗೊತ್ತಿತ್ತು. ಈಗ ಪ್ರತಿಯೊಬ್ಬನ ಜೇಬಿನಲ್ಲಿಯೂ ಅಚ್ಚುಕೂಟವಿದೆ. ಸಂಪಾದಕನು ಮಾತ್ರ ಇಲ್ಲ.

ಅಂಕಿತದ ಮಾತನ್ನು ನಿಮಗೆ ನೆನಪಿಸಬೇಕೇ? ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕ ಕಣ್ಣೆದುರು ನಿಲ್ಲುತ್ತಾರೆ. ಆಡಿದವರು ಯಾರೆಂದು ವಚನವೇ ಹೇಳುತ್ತದೆ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಯ ಕಟ್ಟುಗಳನ್ನು ಹುಡುಕಿ, ಓಲೆಗೆ ಓಲೆ ಹೋಲಿಸಿ ಅಚ್ಚು ಮಾಡಿಸಿದ್ದು ಈ ಮಾತುಗಳನ್ನೇ. ನಾವೋ, ಯಾರೋ ನಿನ್ನೆ ಹೊಸೆದ ನಾಲ್ಕು ಸಾಲಿನ ಕೆಳಗೆ ಬಸವಣ್ಣನವರ ಚಿತ್ರ ಅಂಟಿಸಿದ್ದರೆ ಕೈಮುಗಿದು ಮುಂದಕ್ಕೆ ಸಾಗಿಸುತ್ತೇವೆ. ಕಳೆದ ಬಸವ ಜಯಂತಿಯ ದಿನ ಅಂಥದೊಂದು ‘ವಚನ’ ನನಗೆ ಹನ್ನೊಂದು ಜನರಿಂದ ಬಂತು. ಸಂಪುಟಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಮೂಲವೆಲ್ಲಿ ಎಂದು ಕೇಳಿದ್ದಕ್ಕೆ ಒಬ್ಬ ಗೆಳೆಯರು, ‘ಭಾವ ಚೆನ್ನಾಗಿದೆಯಲ್ಲ, ಬಿಡಿ ಸ್ವಾಮಿ’ ಎಂದರು. ನಾನು ಬಿಡಲಿಲ್ಲ; ಅವರು ನನ್ನೊಡನೆ ಮಾತು ಬಿಟ್ಟರು.

ಕಾನೂನು ಬರಲಿ ಎನ್ನುವವರಿದ್ದಾರೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಎ ಕಲಮನ್ನು ಸುಪ್ರೀಂ ಕೋರ್ಟು ೨೦೧೫ರ ಮಾರ್ಚ್ ೨೪ರಂದು ರದ್ದುಮಾಡಿತು. ಯೋಗ್ಯವಾಗಿಯೇ ಮಾಡಿತು, ಅಧಿಕಾರದಲ್ಲಿದ್ದವರು ತಮಗಾಗದವರ ಬಾಯಿ ಮುಚ್ಚಿಸಲು ಅದನ್ನು ಬಳಸಿದ್ದುಂಟು. ಪೊಲೀಸರ ಲಾಠಿಯನ್ನು ನಾನು ಕೇಳುತ್ತಿಲ್ಲ. ನಮ್ಮ ಬಳಗದ ವಾರ್ಷಿಕ ಸಭೆಯಲ್ಲಿ ಈ ನಿಯಮವೊಂದನ್ನು ಮಂಡಿಸಲಿದ್ದೇನೆ: ಗುಂಪಿಗೆ ಏನನ್ನು ಹಾಕಿದರೂ, ‘ಇದು ನಿಜವೆಂದು ನಾನು ಬಲ್ಲೆ’ ಎಂದು ಕೆಳಗೆ ತಮ್ಮ ಹೆಸರು ಬರೆಯತಕ್ಕದ್ದು, ಬರೆಯಲಾಗದಿದ್ದರೆ ಹಾಕಬಾರದು, ಸುಳ್ಳೆಂದು ತಿಳಿದರೆ ಹಾಕಿದವರೇ ಅಲ್ಲಿಯೇ ಒಪ್ಪಿಕೊಳ್ಳತಕ್ಕದ್ದು. ಗುಂಪು ಬರಿದಾಗುತ್ತದೆ ಎಂದು ಈಗಾಗಲೇ ಆಕ್ಷೇಪಣೆ ಬಂದಿದೆ. ಆಗಲಿ.

ಹೊದಿಕೆ ಮಾರುವವನು ೨೦೧೯ರ ಬೇಸಗೆಯಲ್ಲಿ ಬರಲಿಲ್ಲ; ಆಮೇಲೆಯೂ ಬಂದಿಲ್ಲ. ಆ ಮುದುಕಿ ಅವನಿಗೆ ಕೊಡಬೇಕಾದ ಇನ್ನೂರು ರೂಪಾಯಿಯನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು, ನಾನು ಊರಿಗೆ ಹೋದಾಗಲೆಲ್ಲ, ‘ಮೇಷ್ಟ್ರೇ, ಅವನ ವಿಳಾಸ ನಿಮ್ಮ ಫೋನಿನಲ್ಲಿ ಸಿಕ್ಕೀತೇ?’ ಎಂದು ಕೇಳುತ್ತಾಳೆ.