ಗಂಟಿನೊಳಗಿನ ಮುಯ್ಯಾಳು

ಹಾನಗಲ್, ಹಿರೇಕೆರೂರು ಕಡೆಯವರಿಗೆ ಮುಯ್ಯಾಳು ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗಾಗಿ ಹೇಳ್ತೀನಿ: ಇವತ್ತು ನಿಮ್ಮ ಹೊಲದ ಗೋವಿನಜೋಳ ಮುರಿಯೋಕೆ ನಾನು ಬರ್ತೀನಿ, ನಾಡಿದ್ದು ನನ್ನ ಹೊಲಕ್ಕೆ ನೀವು. ಕೂಲಿ ಇಲ್ಲ, ಆದರೆ ಲೆಕ್ಕ ಪಕ್ಕಾ. ಕೆಲಸ ಮಾಡಿಸಿಕೊಂಡು ತಿರುಗಿ ಬರದವನ ಹೊಲಕ್ಕೆ ಮುಂದಿನ ಸುಗ್ಗಿಯಲ್ಲಿ ಯಾರೂ ಕಾಲಿಡಲ್ಲ.

1980ರ ಸುಮಾರಿಗೆ ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಒಂದು ಪಂದ್ಯಾವಳಿ ಇಟ್ಟರು. ಪ್ರತಿ ಸುತ್ತಲ್ಲೂ ಸಹಕರಿಸೋದೋ ಕೈಕೊಡೋದೋ ಅಂತ ಪ್ರೋಗ್ರಾಂ ತೀರ್ಮಾನಿಸಬೇಕು. ಗೆದ್ದದ್ದು ಅನಾಟೋಲ್ ರಾಪೊಪೋರ್ಟ್ ಕಳಿಸಿದ್ದ, ಎಲ್ಲಕ್ಕಿಂತ ಸರಳವಾದ ಪ್ರೋಗ್ರಾಂ: ಮೊದಲು ಸಹಕರಿಸು, ಆಮೇಲೆ ಎದುರಿನವನು ಕಳೆದ ಸಲ ಮಾಡಿದ್ದನ್ನೇ ಮಾಡು. ಮುಯ್ಯಿಗೆ ಮುಯ್ಯಿ! ದಿನವಿಡೀ ಸಾವಿರಾರು ಸಾಲು ಕೋಡ್ ನೋಡೋ ನನಗಂತೂ ಹೊಟ್ಟೆಕಿಚ್ಚಾಗುತ್ತೆ.

ಇದೇ ಆಕ್ಸೆಲ್‌ರಾಡ್ 2006ರಲ್ಲಿ ತಳಿವಿಜ್ಞಾನಿ ಡೇವಿಡ್ ಆಕ್ಸೆಲ್‌ರಾಡ್ ಮತ್ತು ಕ್ಯಾನ್ಸರ್ ತಜ್ಞ ಕೆನೆತ್ ಪಿಯೆಂಟಾ ಜೊತೆ ಸೇರಿ ಒಂದು ಪ್ರಬಂಧ ಬರೆದರು. ಕ್ಯಾನ್ಸರ್ ಆಗಬೇಕಾದರೆ ಒಂದೇ ಕೋಶ ಎಲ್ಲ ವಿದ್ಯೆಯನ್ನೂ ಕಲಿತಿರಬೇಕು ಅನ್ನೋದು ಸಾಮಾನ್ಯ ತಿಳಿವಳಿಕೆಯಾಗಿತ್ತು. ಹಾಗೇನೂ ಬೇಕಿಲ್ಲ, ಅರ್ಧಂಬರ್ಧ ಕಲಿತ ಕೋಶಗಳೂ ಒಟ್ಟಿಗಿದ್ದರೆ ಬದುಕಬಹುದು ಅನ್ನೋದು ಇವರ ವಾದ. ಒಂದು ಕೋಶ ಬೆಳವಣಿಗೆಗೆ ಬೇಕಾದ ರಸ ಸುರಿಸಿದರೆ, ಪಕ್ಕದ್ದು ಹೊಸ ರಕ್ತನಾಳ ಕರೆಸಿಕೊಳ್ಳುತ್ತೆ. ಅವಕ್ಕೆ ನಮ್ಮ ಹಾಗೆ ಲೆಕ್ಕ ಇಡೋಕೆ ಬರಲ್ಲ ನಿಜ, ಆದರೆ ಲಾಭ ಎರಡಕ್ಕೂ ಇದೆ.

ತೊಂದರೆ ಇರೋದು ಹೀಗೆ ಕರೆಸಿಕೊಂಡ ರಕ್ತನಾಳಗಳಲ್ಲೇ. ಅವು ಅಂಕುಡೊಂಕು, ಅಲ್ಲಲ್ಲಿ ಸೋರುತ್ತವೆ. ಕೆರೆ ಕಾಲುವೆ ಒಡೆದರೆ ಕೊನೆಯ ಹೊಲಕ್ಕೆ ನೀರು ಹತ್ತಲ್ಲವಲ್ಲ, ಹಾಗೆ ಡ್ರಿಪ್‌ನಲ್ಲಿ ಹೋದ ಔಷಧಿ ಗಂಟಿನ ಮೂಲೆಮೂಲೆಗೂ ಮುಟ್ಟಲ್ಲ. ರಕ್ತನಾಳಗಳನ್ನು ಪೂರ್ತಿ ಕತ್ತರಿಸೋದಕ್ಕಿಂತ ಸ್ವಲ್ಪ ರಿಪೇರಿ ಮಾಡಿದರೆ ಕೀಮೋ ಚೆನ್ನಾಗಿ ತಲುಪುತ್ತೆ ಅಂತ 2001ರಲ್ಲಿ ರಾಕೇಶ್ ಜೈನ್ ಹೇಳಿದಾಗ ವಿಚಿತ್ರ ಅನ್ನಿಸಿತ್ತು, ಶತ್ರುವಿನ ಕಾಲುವೆಯನ್ನು ನಾವೇ ದುರಸ್ತಿ ಮಾಡೋದಾ ಅಂತ. ರಕ್ತನಾಳ ಕರೆಯೋ ಸಂಕೇತವನ್ನು ತಡೆಯೋ ಬೆವಸಿಜುಮ್ಯಾಬ್‌ಗೆ 2004ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟದ್ದೂ ದೊಡ್ಡ ಕರುಳಿನ ಕ್ಯಾನ್ಸರ್‌ಗೆ, ಕೀಮೋ ಜೊತೆಗೇ. ಪವಾಡವೇನೂ ಆಗಲಿಲ್ಲ, ಆದರೆ ಔಷಧಿ ಎಷ್ಟು ಜೋರು ಅನ್ನೋದಷ್ಟೇ ಅಲ್ಲ, ಎಲ್ಲಿವರೆಗೆ ಮುಟ್ಟುತ್ತೆ ಅನ್ನೋದೂ ಮುಖ್ಯ ಅಂತ ಗೊತ್ತಾಯ್ತು.

"ಗಂಟು ಕೈಗೇ ಸಿಗವಲ್ದು, ಇನ್ನ ಯಾಕ ಕೀಮೋ?" ಅನ್ನೋ ಮಾತು ನಮ್ಮ ಕಡೆ ಕೇಳದವರಿಲ್ಲ. ಉತ್ತರ ಆ ಕೊನೆಯ ಹೊಲದಲ್ಲಿದೆ. ಪ್ರತಿ ಸುತ್ತೂ ಒಂದಿಷ್ಟು ಕೋಶಗಳನ್ನಷ್ಟೇ ಕೊಲ್ಲುತ್ತೆ, ಉಳಿದವು ಕಣ್ಣಿಗೆ ಕಾಣಲ್ಲ. ರಕ್ತದ ಕಣ ಕಡಿಮೆಯಾಗಿದೆ ಅಂತ ಡಾಕ್ಟರೇ ತಾರೀಖು ಮುಂದೂಡಿದರೆ ಅದು ಬೇರೆ ವಿಷಯ.

ಆದರೆ ಸುತ್ತು ತಪ್ಪೋದು ಬರೀ ತಿಳಿವಳಿಕೆ ಇಲ್ಲದ್ದಕ್ಕಲ್ಲ. ಸವಣೂರು, ಶಿಗ್ಗಾಂವಿಯಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೊರಟರೆ ಇಡೀ ದಿನ ಹೋಯ್ತು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ, ಬಿಪಿಎಲ್ ಮನೆಗೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಜೊತೆಗೆ ಹೋದವರ ದಿನಗೂಲಿ ಮಾತ್ರ ಯಾವ ಕಾರ್ಡಿನಲ್ಲೂ ಬರಲ್ಲ. ಸುಗ್ಗಿ ಬಂದರಂತೂ ಆಸ್ಪತ್ರೆ ತಾರೀಖು ಹಿಂದೆ ಬೀಳುತ್ತೆ. ಊರಿಗೆ ಫೋನ್ ಮಾಡಿದಾಗ "ಆರಾಮ ಅದೀರಿ?" ಅಂದಮೇಲೆ ಇನ್ನೊಂದು ಮಾತು ಸೇರಿಸಿ: "ಮುಂದಿನ ಕೀಮೋ ಯಾವ ತಾರೀಖಿಗೆ ಐತ್ರಿ? ಅವತ್ತು ಹೊಲಕ್ಕ ಯಾರು ಹೊಂಟಾರ?"