ಬುಡ ಉಳಿಸುವ ಶ್ರಮದಾನ ಸಾಲದು

ಮಳೆ ಹಿಡಿದು ಮಣ್ಣು ಮೆತ್ತಗಾಗುತ್ತಲೇ ಬೆಟ್ಟದ ಊರುಗಳಲ್ಲಿ ಲಂಟಾನ ತೆಗೆಯುವ ಶ್ರಮದಾನಗಳು ನಡೆಯುತ್ತವೆ. ವಿದ್ಯಾರ್ಥಿಗಳು, ಯುವಕ ಸಂಘದವರು ಕತ್ತಿ ಹಿಡಿದು ಬರುತ್ತಾರೆ. ಸಂಜೆಯ ಹೊತ್ತಿಗೆ ಪೊದೆ ನೆಲಸಮವಾಗಿರುತ್ತದೆ. ಮರುವರ್ಷ ಅದೇ ಜಾಗದಲ್ಲಿ ಪೊದೆ ಮತ್ತೆ ಎದ್ದು ನಿಂತಿರುತ್ತದೆ. ಇಷ್ಟು ಜನರ ಬೆವರು ವ್ಯರ್ಥವಾಗುವುದೇಕೆ?

ಅಮೆರಿಕದ ಉಷ್ಣವಲಯದ ಈ ಸಸ್ಯ 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿನಿಂದ ಕಾಡಿಗೆ ಒಯ್ದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಅದು ಹುಲ್ಲಿನ ನೆಲವನ್ನು ಆಕ್ರಮಿಸಿದೆ. ಅದರ ಎಲೆ ದನಕರುಗಳಿಗೆ ವಿಷ. ಹುಲ್ಲು ಅಳಿದರೆ ಜಿಂಕೆ, ಕಾಟಿ, ಆನೆಗಳ ಮೇವೂ ಊರ ದನಗಳ ಮೇವೂ ಒಟ್ಟಿಗೇ ಅಳಿಯುತ್ತವೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮುನ್ನವೇ ತರಗೆಲೆಗೆ ಹಗುರವಾದ ‘ತರಗು ಬೆಂಕಿ’ ಹಾಕುತ್ತಿದ್ದರು. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಲಂಟಾನ ಹಬ್ಬಿದ್ದು ಆ ಬಳಿಕವೇ ಎಂಬುದು ಸೋಲಿಗರ ಅನುಭವದ ಮಾತು. ಆದರೆ ಇಂದು ದಟ್ಟ ಪೊದೆಗೆ ಬಿದ್ದ ಬೆಂಕಿ ಮರದ ನೆತ್ತಿಗೇರುತ್ತದೆ. ಆದ್ದರಿಂದ ಮೊದಲ ಕೆಲಸ ಕೈಯಿಂದಲೇ ಆಗಬೇಕು.

ಕಾಂಡವನ್ನಷ್ಟೇ ಕಡಿದರೆ ಬುಡದಿಂದ ಹಲವು ಚಿಗುರುಗಳು ಹೊರಡುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಅರಣ್ಯದಲ್ಲಿ ಅನುಸರಿಸಿದ ಕ್ರಮ ಸರಳವಾದುದು: ನೆಲದಿಂದ ಕೆಲವೇ ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಮೇಲೆತ್ತಿ, ಬೇರು ಮಣ್ಣಿಗೆ ತಾಗದಂತೆ ತಲೆಕೆಳಗಾಗಿ ಇಡುವುದು. ಇದಕ್ಕೆ ಕತ್ತಿಗಿಂತ ಗುದ್ದಲಿ ಲೇಸು. ಹಣ್ಣು ಮಾಗುವ ಮುನ್ನವೇ ಮಾಡಿದರೆ ಬೀಜ ಬೀಳುವುದೂ ತಪ್ಪುತ್ತದೆ.

ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗ ಕುಶಲಕರ್ಮಿಗಳು ಲಂಟಾನ ಕಡ್ಡಿಯಿಂದ ಪೀಠೋಪಕರಣ ಮಾಡಿ ಜೀವನೋಪಾಯ ಕಂಡುಕೊಂಡಿರುವುದು ಸ್ತುತ್ಯ. ಆದರೆ ಕುರ್ಚಿಗೆ ಬೇಕಾಗುವುದು ಕಾಂಡ ಮಾತ್ರ. ಬುಡವನ್ನು ಕೀಳುವ ಹೊಣೆ ಬೇರೆಯೇ ಇದೆ.

ಕಿತ್ತ ಮೇಲೂ ಕೆಲಸ ಮುಗಿಯುವುದಿಲ್ಲ. ಮಣ್ಣಿನಲ್ಲಿ ಉಳಿದ ಬೀಜಗಳು ಮುಂದಿನ ಮಳೆಗಳಲ್ಲಿ ಮೊಳೆಯುತ್ತವೆ. ಅವನ್ನು ಎಳೆಯದಿರುವಾಗಲೇ ಕೀಳಬೇಕು. ತೆರವಾದ ನೆಲದಲ್ಲಿ ಸ್ಥಳೀಯ ಹುಲ್ಲು ಬೇರೂರದಿದ್ದರೆ ಯುಪಟೋರಿಯಂ ಬಂದು ಕೂರುತ್ತದೆ. ಉತ್ಸಾಹದ ಭರದಲ್ಲಿ ನೆಲ್ಲಿ, ತಾರೆಗಳ ಸಸಿಗಳನ್ನೂ ಕಿತ್ತೆಸೆಯುವ ಅಪಾಯವುಂಟು. ಆದ್ದರಿಂದ ಗಿಡ ಬಲ್ಲ ಹಿರಿಯರೊಬ್ಬರು ಪ್ರತಿ ತಂಡದ ಮುಂದಿರಬೇಕು.

2006ರ ಅರಣ್ಯ ಹಕ್ಕು ಕಾಯ್ದೆಯು ಕಾಡನ್ನೂ ಜೀವವೈವಿಧ್ಯವನ್ನೂ ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ನೀಡಿದೆ. ಗ್ರಾಮಸಭೆ, ಅರಣ್ಯ ಇಲಾಖೆ ಹಾಗೂ ಶಾಲೆ ಒಟ್ಟಿಗೆ ಕುಳಿತು, ಒಂದು ಊರಿಗೆ ಒಂದೇ ತುಂಡು ನೆಲವನ್ನು ಆರಿಸಿಕೊಂಡು, ಸತತ ಮೂರು ಮಳೆಗಾಲ ಅಲ್ಲಿಗೇ ಮರಳಲಿ. ಹತ್ತು ಕಡೆ ಒಂದೊಂದು ದಿನ ಕಡಿಯುವುದಕ್ಕಿಂತ, ದನ ಮೇಯುವಷ್ಟು ಹುಲ್ಲು ಮರಳಿದ ಒಂದು ಎಕರೆ ನೆಲವೇ ಊರಿಗೆ ಹೆಚ್ಚಿನದು.